ಲಿಸ್ಬನ್ನಿನ ಸೇ: ಬಿದ್ದದ್ದು, ನಿಂತದ್ದು, ಮತ್ತೆ ಕಟ್ಟಿದ್ದು

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನ ಪ್ರಧಾನಾಲಯಕ್ಕೆ ಊರಿನವರು ಹೇಳುವುದು ಬರೀ ‘ಸೇ’ ಎಂದು. ಬಿಷಪ್ಪರ ಪೀಠ ಎಂದರ್ಥ. ಪೂರ್ತಿ ಹೆಸರು ಸಾಂತಾ ಮರಿಯಾ ಮಾಯೋರ್. ಸಾವ್ ಜಾರ್ಜ್ ಕೋಟೆಯ ಗುಡ್ಡ ಟೇಗಸ್ ನದಿಯ ಕಡೆಗೆ ಇಳಿಯುವ ಜಾಗದಲ್ಲಿದೆ. ಎದುರಿಗೇ 28ನೇ ನಂಬರಿನ ಹಳದಿ ಟ್ರಾಮ್ ಹಾದುಹೋಗುವುದರಿಂದ ಫೋಟೊಗಳಲ್ಲಿ ಇದನ್ನು ನೋಡದವರು ಕಡಿಮೆ. ಎರಡು ದಪ್ಪ ಗೋಪುರ, ನಡುವೆ ಆಳವಾದ ಬಾಗಿಲು, ಅದರ ಮೇಲೆ ದುಂಡು ಕಿಟಕಿ, ನೆತ್ತಿಯಲ್ಲಿ ಕೋಟೆಗಿರುವಂಥ ತೆನೆಸಾಲು. ಮೊದಲ ನೋಟಕ್ಕೆ ಇಗರ್ಜಿಗಿಂತ ಕೋಟೆಯೇ ಅನ್ನಿಸುತ್ತದೆ.

ಈ ಸೇಯ ಕಥೆಯಲ್ಲಿ ನೋಡಬೇಕಾದದ್ದು ಒಂದು ವಿಚಿತ್ರ. 1755ರ ಭೂಕಂಪದಲ್ಲಿ ಇದೇ ಕಟ್ಟಡದ 12ನೇ ಶತಮಾನದ ಒರಟು ಭಾಗ ಬಹುಮಟ್ಟಿಗೆ ನಿಂತಿತು. ಇನ್ನೂರು ವರ್ಷ ತಡವಾಗಿ, ಹೆಚ್ಚು ಜಾಣತನದಿಂದ ಕಟ್ಟಿದ ಭಾಗ ನೆಲಸಮವಾಯಿತು. ಒಂದೇ ನೆಲ, ಒಂದೇ ಅಲುಗಾಟ, ಫಲ ಬೇರೆ. ಇದು ಏಕೆ ಎಂದು ಕೇಳುತ್ತ ಹೋದರೆ ಕಟ್ಟಡದ ಇತಿಹಾಸವೂ ರಚನೆಯೂ ಒಟ್ಟಿಗೇ ಬಿಚ್ಚಿಕೊಳ್ಳುತ್ತವೆ. ಜೊತೆಗೆ ಇನ್ನೊಂದು ಸಂಗತಿ: ಇಂದು ‘ಮಧ್ಯಯುಗದ್ದು’ ಎಂದು ಕಣ್ಣಿಗೆ ಕಾಣುವುದರಲ್ಲಿ ಒಂದು ದೊಡ್ಡ ಪಾಲು 1902ರಿಂದ 1940ರ ನಡುವೆ ರೂಪುಗೊಂಡದ್ದು.

ನೆಲ ಮತ್ತು ಮೊದಲ ಕಟ್ಟೋಣ

1147ರ ಜುಲೈಯಿಂದ ಅಕ್ಟೋಬರ್‌ವರೆಗೆ ಪೋರ್ಚುಗಲ್ಲಿನ ಮೊದಲ ದೊರೆ ಅಫೊನ್ಸೊ ಹೆನ್ರಿಕೆಸ್ ಲಿಸ್ಬನ್ನಿಗೆ ಮುತ್ತಿಗೆ ಹಾಕಿದ. ಜೊತೆಗಿದ್ದವರು ಎರಡನೇ ಧರ್ಮಯುದ್ಧಕ್ಕೆಂದು ಹಡಗಿನಲ್ಲಿ ಹೊರಟಿದ್ದ ಇಂಗ್ಲಿಷ್, ಫ್ಲೆಮಿಷ್ ಮತ್ತು ಜರ್ಮನ್ ಸೈನಿಕರು. ನಗರ ಕೈಗೆ ಬಂದ ಮೇಲೆ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಅಲ್ಲಿನ ದೊಡ್ಡ ಮಸೀದಿಯನ್ನು ಶುದ್ಧೀಕರಿಸಿ ಕ್ರೈಸ್ತ ಪೂಜೆಗೆ ತೆರೆದರು. ಹೇಸ್ಟಿಂಗ್ಸ್‌ನ ಗಿಲ್ಬರ್ಟ್ ಎಂಬ ಇಂಗ್ಲಿಷ್ ಪಾದ್ರಿ ಬಿಷಪ್ ಆದ. 608 ವರ್ಷಗಳ ನಂತರ ಭೂಮಿ ನಡುಗಿದ್ದೂ ಅದೇ ನವೆಂಬರ್ 1ರಂದು. ಕಾಕತಾಳೀಯವೇ, ಆದರೆ ಲಿಸ್ಬನ್ನಿನ ಚರಿತ್ರೆ ಓದುವವರು ಅಲ್ಲಿ ಒಂದು ಕ್ಷಣ ನಿಲ್ಲುತ್ತಾರೆ.

ಹೊಸ ಕಟ್ಟಡದ ಕೆಲಸ ಬೇಗನೇ ಶುರುವಾಗಿ 13ನೇ ಶತಮಾನದ ಮೊದಲ ದಶಕಗಳವರೆಗೂ ನಡೆಯಿತು. ಮುಂದಾಳು ಮೇಸ್ತ್ರಿ ರೊಬೆರ್ಟೊ. ಇದೇ ರೊಬೆರ್ಟೊನನ್ನು ಕೊಯಿಂಬ್ರಾದ ಪ್ರಧಾನಾಲಯದ ಕೆಲಸ ತಿದ್ದಲು ಲಿಸ್ಬನ್ನಿನಿಂದ ಹಲವು ಸಲ ಕರೆಸಿಕೊಂಡಿದ್ದರು. ಹೀಗಾಗಿ ಎರಡು ಕಟ್ಟಡಗಳ ನಕ್ಷೆಯಲ್ಲೂ ಅಣ್ಣತಮ್ಮಂದಿರ ಹೋಲಿಕೆ ಇದೆ. ಕೊಯಿಂಬ್ರಾದ್ದು ಭೂಕಂಪದ ಪೆಟ್ಟು ಅಷ್ಟಾಗಿ ತಿನ್ನದೆ ಉಳಿದದ್ದರಿಂದ, ಲಿಸ್ಬನ್ನಿನಲ್ಲಿ ಏನು ಕಳೆದುಹೋಗಿದೆ ಎಂದು ಊಹಿಸಲು ತಜ್ಞರು ಈಗಲೂ ಅಲ್ಲಿಗೇ ಹೋಗಿ ನೋಡುತ್ತಾರೆ.

1173ರಲ್ಲಿ ಸಂತ ವಿನ್ಸೆಂಟರ ಅವಶೇಷಗಳನ್ನು ದಕ್ಷಿಣದ ಭೂಶಿರದಿಂದ ಹಡಗಿನಲ್ಲಿ ತಂದು ಇಲ್ಲಿ ಇಟ್ಟರು. ಹಡಗಿನ ಜೊತೆ ಎರಡು ಕಾಡುಕಾಗೆ ಬಂದವು ಎಂಬ ಐತಿಹ್ಯದಿಂದಲೇ ಲಿಸ್ಬನ್ ನಗರದ ಲಾಂಛನದಲ್ಲಿ ಇಂದಿಗೂ ಹಡಗು ಮತ್ತು ಎರಡು ಕಾಗೆ ಇವೆ. ಅವಶೇಷ ಬಂತೆಂದರೆ ಯಾತ್ರಿಕರು ಬರುತ್ತಾರೆ, ಯಾತ್ರಿಕರು ಬಂದರೆ ಕಾಣಿಕೆ ಬರುತ್ತದೆ. ಅಷ್ಟು ದೀರ್ಘಕಾಲ ಕಲ್ಲುಕೆಲಸ ನಡೆಯಲು ಇಂಥ ವರಮಾನವೂ ಬೇಕೇ ಬೇಕು.

ರೊಬೆರ್ಟೊನ ನಕ್ಷೆ: ಭಾರ ಎತ್ತ ಹರಿಯುತ್ತದೆ

ನಕ್ಷೆ ಶಿಲುಬೆಯಾಕಾರ. ಪಶ್ಚಿಮದ ಬಾಗಿಲಿನಿಂದ ಒಳಹೊಕ್ಕರೆ ಮೂರು ಸಾಲು: ಎತ್ತರದ ನಡುಸಾಲು, ಎಡಬಲಕ್ಕೆ ತಗ್ಗಾದ ಪಕ್ಕಸಾಲು. ಉದ್ದಕ್ಕೆ ಆರು ಅಂಕಣ. ಆಮೇಲೆ ಅಡ್ಡಸಾಲು, ಅದರಾಚೆ ಪೂರ್ವಕ್ಕೆ ಮುಖ್ಯ ಬಲಿಪೀಠ. ನಡುಸಾಲು ಮತ್ತು ಅಡ್ಡಸಾಲು ಕೂಡುವಲ್ಲಿ ನಾಲ್ಕು ದೊಡ್ಡ ಕಂಬಗುಚ್ಛ, ಅವುಗಳ ಮೇಲೆ ಬೆಳಕಿನ ಗೋಪುರ, ಅಂದರೆ ಕಿಟಕಿಗಳಿಂದ ಒಳಕ್ಕೆ ಬೆಳಕು ಇಳಿಸುವ ಗೋಪುರ.

ನಡುಸಾಲಿನ ಮೇಲಿರುವುದು ಅರ್ಧ ಪೀಪಾಯಿಯ ಆಕಾರದ ಕಮಾನು ಛಾವಣಿ. ಇದನ್ನು ಕಟ್ಟುವ ಕ್ರಮ ಹೀಗೆ: ಮೊದಲು ಪ್ರತಿ ಅಂಕಣದ ಗಡಿಯಲ್ಲಿ ಮರದ ಸೆಂಟ್ರಿಂಗ್ ನಿಲ್ಲಿಸಿ ಅಡ್ಡ ಕಮಾನು ಕೂರಿಸುವುದು. ಎರಡು ಕಮಾನುಗಳ ನಡುವೆ ಹಲಗೆ ಹೊದಿಸಿ, ಎರಡೂ ಗೋಡೆಗಳ ಕಡೆಯಿಂದ ಒಂದೇ ವೇಗದಲ್ಲಿ ಕಲ್ಲು ಏರಿಸಿಕೊಂಡು ಬರುವುದು. ಒಂದು ಬದಿ ಮುಂದೆ ಹೋದರೆ ಸೆಂಟ್ರಿಂಗ್ ವಾಲಿ ಕಮಾನಿನ ಗೆರೆ ಕೆಡುತ್ತದೆ. ನೆತ್ತಿಯ ಕಲ್ಲು ಬಿಗಿದ ಮೇಲೆ ಕಮಾನಿನ ಹೆಗಲಿಗೆ, ಅಂದರೆ ಗೋಡೆಯಿಂದ ಕಮಾನು ಏಳುವ ಕೆಳಭಾಗದ ಹಿಂಬದಿಗೆ, ಕಲ್ಲುಚೂರು ಮತ್ತು ಸುಣ್ಣಗಾರೆ ತುಂಬುವುದು. ಈ ತುಂಬು ಇಲ್ಲದಿದ್ದರೆ ನೆತ್ತಿ ಕುಸಿದು ಹೆಗಲು ಹೊರಕ್ಕೆ ಉಬ್ಬುತ್ತದೆ. ಕೊನೆಗೆ ಸೆಂಟ್ರಿಂಗಿನ ಬುಡದ ಬೆಣೆಗಳನ್ನು ಒಂದೇ ಸಲಕ್ಕೆ ಹೊಡೆದು ತೆಗೆಯದೆ ಸ್ವಲ್ಪಸ್ವಲ್ಪವೇ ಸಡಿಲಿಸುವುದು. ಸುಣ್ಣಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುವ ವಸ್ತು. ದಪ್ಪ ಗೋಡೆಯ ಒಳಗೆ ಇದಕ್ಕೆ ತಿಂಗಳುಗಳಲ್ಲ, ವರ್ಷಗಳೇ ಬೇಕಾಗುತ್ತವೆ. ಅವಸರಪಟ್ಟ ಕಡೆ ಬಿರುಕು ಖಚಿತ.

ಪೀಪಾಯಿ ಛಾವಣಿಯ ತೊಂದರೆ ಏನೆಂದರೆ, ಅದು ಗೋಡೆಯನ್ನು ಹೊರಕ್ಕೆ ತಳ್ಳುವುದು ಅಲ್ಲಲ್ಲಿ ಅಲ್ಲ, ಉದ್ದಕ್ಕೂ. ಆದ್ದರಿಂದ ಗೋಡೆಯಲ್ಲಿ ಎತ್ತರದ ದೊಡ್ಡ ಕಿಟಕಿ ತೆರೆಯುವಂತಿಲ್ಲ. ರೊಬೆರ್ಟೊ ಮಾಡಿದ ಉಪಾಯ ಆ ಕಾಲದ ಬೇರೆ ಮೇಸ್ತ್ರಿಗಳೂ ಬಲ್ಲದ್ದು: ಪಕ್ಕಸಾಲುಗಳನ್ನು ತಗ್ಗಿನಲ್ಲಿಟ್ಟು ಅವುಗಳ ಮೇಲೊಂದು ಕಮಾನುಸಾಲಿನ ಮಹಡಿ ಏರಿಸುವುದು. ನಡುಸಾಲಿನ ತಳ್ಳಾಟ ಆ ಮಹಡಿಯ ಮೂಲಕ ಹೊರಗೋಡೆಗೆ ಸಾಗಿ ನೆಲಕ್ಕಿಳಿಯುತ್ತದೆ. ಪಕ್ಕಸಾಲಿನ ಛಾವಣಿ ಮಾತ್ರ ಎರಡು ಪೀಪಾಯಿ ಅಡ್ಡಡ್ಡ ಛೇದಿಸಿದ ಬಗೆಯದು; ಅದು ಭಾರವನ್ನು ನಾಲ್ಕು ಮೂಲೆಗೆ ಕೂಡಿಸುವುದರಿಂದ ನಡುವಿನ ಗೋಡೆಯಲ್ಲಿ ಸಣ್ಣ ಕಿಟಕಿಗೆ ಅವಕಾಶ ಸಿಗುತ್ತದೆ.

ಫಲಿತಾಂಶ ಗಟ್ಟಿ, ಆದರೆ ಕತ್ತಲು. ಬೆಳಕು ಬರುವುದು ಪಶ್ಚಿಮದ ದುಂಡು ಕಿಟಕಿ, ಅಡ್ಡಸಾಲಿನ ತುದಿಯ ದುಂಡು ಕಿಟಕಿಗಳು, ಪಕ್ಕದ ಸೀಳುಕಿಟಕಿಗಳು, ಮತ್ತು ಬೆಳಕಿನ ಗೋಪುರದಿಂದ. ಒಟ್ಟು ವಿನ್ಯಾಸದಲ್ಲಿ ಅಪಾಯಕಾರಿ ಜಾಗ ಯಾವುದೆಂದರೆ ಆ ಗೋಪುರವೇ. ಉಳಿದೆಡೆ ಭಾರ ಹರಡಿಕೊಂಡಿದೆ. ಇಲ್ಲಿ ಮಾತ್ರ ಎತ್ತರದ, ಕಿಟಕಿ ಕೊರೆದ, ದೊಡ್ಡ ತೂಕವೊಂದು ನಾಲ್ಕೇ ಕಾಲುಗಳ ಮೇಲೆ ಕುಳಿತಿದೆ.

ಗೋಡೆಗಳ ಒಳರಚನೆಯನ್ನೂ ಹೇಳಬೇಕು. ಮಧ್ಯಯುಗದ ದಪ್ಪ ಗೋಡೆಗಳು ಅಡಿಯಿಂದ ಮುಡಿವರೆಗೆ ಕೆತ್ತಿದ ಕಲ್ಲಲ್ಲ. ಹೊರಗೊಂದು ಒಳಗೊಂದು ಕೆತ್ತಿದ ಕಲ್ಲಿನ ಮೈ, ನಡುವೆ ಒಡೆಗಲ್ಲು ಮತ್ತು ಗಾರೆಯ ತುಂಬು. ಎರಡೂ ಮೈಗಳನ್ನು ಹಿಡಿದಿಡಲು ಅಲ್ಲಲ್ಲಿ ಉದ್ದನೆಯ ಕಟ್ಟುಗಲ್ಲು ಅಡ್ಡಲಾಗಿ ಹಾಯಬೇಕು. ಅವು ಕಡಿಮೆಯಾದ ಕಡೆ ನೆಲ ನಡುಗಿದಾಗ ಮೈ ಸುಲಿದು ಬೀಳುತ್ತದೆ, ತುಂಬು ಹೊರಗೆ ಸುರಿಯುತ್ತದೆ.

ರಾಜರು ಸೇರಿಸಿದ್ದು

ದೊರೆ ದಿನಿಸ್ (ಆಳ್ವಿಕೆ 1279–1325) ಗಾಥಿಕ್ ಶೈಲಿಯ ಕೈಸಾಲೆ ಕಟ್ಟಿಸಿದ: ನಡುವೆ ತೆರೆದ ಅಂಗಳ, ಸುತ್ತ ಕಮಾನುಗಳ ಮೊಗಸಾಲೆ, ಅದಕ್ಕೆ ಹೊಂದಿ ಚಿಕ್ಕ ಗುಡಿಗಳು. ಸಾಮಾನ್ಯವಾಗಿ ಇಂಥ ಕೈಸಾಲೆ ಇಗರ್ಜಿಯ ಪಕ್ಕಕ್ಕಿರುತ್ತದೆ. ಇಲ್ಲಿ ಅದು ಹಿಂದೆ, ಪೂರ್ವಕ್ಕಿದೆ. ಗುಡ್ಡದ ಇಳಿಜಾರು ಮತ್ತು ಸುತ್ತಲಿನ ಒತ್ತೊತ್ತಾದ ಊರು ಬೇರೆ ದಾರಿ ಬಿಟ್ಟಿರಲಿಲ್ಲ. ಇದೇ ಕೈಸಾಲೆಯ ಒಂದು ಗುಡಿಯಲ್ಲಿ 1498ರಲ್ಲಿ ರಾಣಿ ಲಿಯೊನೋರ್ ಬಡವರ ಆರೈಕೆಗೆಂದು ಮಿಸೆರಿಕಾರ್ಡಿಯಾ ಸಂಘವನ್ನು ಸ್ಥಾಪಿಸಿದಳು.

ದಿನಿಸ್‌ನ ಮಗ ನಾಲ್ಕನೇ ಅಫೊನ್ಸೊ (1325–1357) ಇನ್ನೂ ದೊಡ್ಡದಕ್ಕೆ ಕೈಹಾಕಿದ. ರೊಬೆರ್ಟೊನ ಕಾಲದ ಪೂರ್ವದ ತುದಿಯನ್ನು ತೆಗೆಸಿ, ತನ್ನ ಮತ್ತು ಕುಟುಂಬದ ಸಮಾಧಿಗಾಗಿ ಎತ್ತರದ ಗಾಥಿಕ್ ಬಲಿಪೀಠ-ಗುಡಿ ಕಟ್ಟಿಸಿದ. ಅದರ ಸುತ್ತ ಪ್ರದಕ್ಷಿಣಾ ಪಥ, ಪಥದ ಹೊರ ಅಂಚಿಗೆ ಸಾಲಾಗಿ ಚಿಕ್ಕ ಗುಡಿಗಳು. ಯಾತ್ರಿಕರು ಪೂಜೆಗೆ ಅಡ್ಡಿಯಾಗದಂತೆ ಅವಶೇಷಗಳ ಸುತ್ತ ಬರಲು ಇದು ಅನುಕೂಲ. ಪೋರ್ಚುಗಲ್ಲಿನಲ್ಲಿ ಇಂಥ ಪಥ ಮೊದಲೇ ಇದ್ದದ್ದು ಅಲ್ಕೊಬಾಸಾದ ಮಠದಲ್ಲಿ.

ಗಾಥಿಕ್ ಕಟ್ಟೋಣದ ತಂತ್ರ ಬೇರೆ. ಮೊದಲು ಪಕ್ಕೆಲುಬಿನಂತೆ ಕಮಾನು ಏಣುಗಳನ್ನು ನಿಲ್ಲಿಸಿ, ನಡುವೆ ತೆಳುವಾದ ಕಲ್ಲಿನ ಹೊದಿಕೆ ಹಾಕುತ್ತಾರೆ. ಚೂಪು ಕಮಾನು ದುಂಡು ಕಮಾನಿಗಿಂತ ಕಡಿಮೆ ತಳ್ಳುತ್ತದೆ; ಇರುವ ತಳ್ಳಾಟವೂ ಆಯ್ದ ಕಂಬಗಳ ಮೇಲೆ ಮಾತ್ರ. ಹಾಗಾಗಿ ನಡುವಿನ ಗೋಡೆ ತೆಗೆದು ಗಾಜು ಹಾಕಬಹುದು. ಎತ್ತರ ಹೆಚ್ಚುತ್ತದೆ, ಬೆಳಕು ಹೆಚ್ಚುತ್ತದೆ, ಕಲ್ಲು ಕಡಿಮೆ ಸಾಕು. ನಿಂತ ನೆಲ ನಿಂತಂತೇ ಇರುವವರೆಗೆ ಇದಕ್ಕಿಂತ ಒಳ್ಳೆಯ ಲೆಕ್ಕಾಚಾರ ಇಲ್ಲ. ಲಿಸ್ಬನ್ನಿನ ನೆಲ ಅಂಥದ್ದಲ್ಲ. 1344ರಲ್ಲೂ 1356ರಲ್ಲೂ ಭೂಕಂಪ ಆಗಿ ರಿಪೇರಿ ಬೇಕಾಯಿತು. 1531ರ ಜನವರಿಯಲ್ಲಿ ಇನ್ನೊಂದು ದೊಡ್ಡದು ನಗರವನ್ನೇ ಹೊಡೆಯಿತು.

ಈ ನಡುವೆ ಕಟ್ಟಡ ರಾಜಕೀಯದಿಂದಲೂ ತಪ್ಪಿಸಿಕೊಳ್ಳಲಿಲ್ಲ. 1383ರ ಡಿಸೆಂಬರ್‌ನಲ್ಲಿ ಪಟ್ಟದ ಜಗಳ ಎದ್ದಾಗ, ಕ್ಯಾಸ್ಟೀಲ್ ದೇಶದ ಪರ ಎಂಬ ಅನುಮಾನದ ಮೇಲೆ ಬಿಷಪ್ ಮಾರ್ಟಿನ್ಯೊನನ್ನು ಜನ ಇಲ್ಲಿಯ ಗೋಪುರದಿಂದಲೇ ಕೆಳಕ್ಕೆ ಎಸೆದು ಕೊಂದರು. ಹತ್ತು ವರ್ಷದೊಳಗೆ, 1393ರಲ್ಲಿ, ಲಿಸ್ಬನ್ ಮಹಾಧರ್ಮಪ್ರಾಂತ್ಯ (ಆರ್ಚ್‌ಬಿಷಪ್ಪರ ಪೀಠ) ಆಯಿತು.

1755: ಒಂದೇ ಅಲುಗಾಟ

ನವೆಂಬರ್ 1, ಬೆಳಿಗ್ಗೆ ಸುಮಾರು 9.40. ಹಬ್ಬದ ಬಲಿಪೂಜೆಗೆ ಇಗರ್ಜಿಗಳು ತುಂಬಿದ್ದವು, ಮೇಣದಬತ್ತಿಗಳು ಉರಿಯುತ್ತಿದ್ದವು. ಕಂಪನದ ಕೇಂದ್ರ ಅಟ್ಲಾಂಟಿಕ್ ಸಾಗರದ ತಳದಲ್ಲಿ, ನಗರದಿಂದ ನೈಋತ್ಯಕ್ಕೆ. ತೀವ್ರತೆಯನ್ನು ಇಂದಿನ ಅಂದಾಜುಗಳು 8.5ರಿಂದ 9ರ ನಡುವೆ ಇಡುತ್ತವೆ. ಅಲುಗಾಟ ಸೆಕೆಂಡುಗಳಲ್ಲಿ ಮುಗಿಯಲಿಲ್ಲ, ನಿಮಿಷಗಟ್ಟಲೆ ನಡೆಯಿತು. ಕಲ್ಲುಕಟ್ಟಡದ ಮಟ್ಟಿಗೆ ಈ ಅವಧಿಯೇ ಮುಖ್ಯ. ಮೊದಲ ಕೆಲವು ಸೆಕೆಂಡಿನಲ್ಲಿ ಗಾರೆ ಬಿಡುತ್ತದೆ. ಆಮೇಲಿನ ಪ್ರತಿ ತೂಗಾಟದಲ್ಲೂ ಬಿಟ್ಟ ಸಂದು ತುಸುತುಸು ಅಗಲವಾಗುತ್ತದೆ.

ಎಷ್ಟು ಬಲ ಬೀಳುತ್ತದೆ ಎನ್ನುವುದಕ್ಕೆ ಒಂದು ಸರಳ ಲೆಕ್ಕ (ಇದು ಸೇಯ ಅಳತೆಯಲ್ಲ, ತಿಳಿಯಲಿಕ್ಕೆ ಮಾತ್ರ). ಸುಣ್ಣಕಲ್ಲಿನ ಗೋಡೆ ಘನಮೀಟರಿಗೆ ಸುಮಾರು 2.4 ಟನ್ ತೂಗುತ್ತದೆ. 1 ಮೀಟರ್ ದಪ್ಪ, 1 ಮೀಟರ್ ಉದ್ದ, 10 ಮೀಟರ್ ಎತ್ತರದ ಗೋಡೆ ಎಂದರೆ 24 ಟನ್. ನೆಲದ ಅಡ್ಡ ವೇಗೋತ್ಕರ್ಷ ಗುರುತ್ವದ ಐದರಲ್ಲೊಂದು ಪಾಲು ಇದ್ದರೂ ಆ ಗೋಡೆಯನ್ನು ಪಕ್ಕಕ್ಕೆ ಎಳೆಯುವ ಬಲ ಸುಮಾರು 5 ಟನ್. ಕಲ್ಲು ಒತ್ತಡವನ್ನು ಎಷ್ಟು ಬೇಕಾದರೂ ತಾಳುತ್ತದೆ, ಎಳೆತವನ್ನು ತಾಳುವುದೇ ಇಲ್ಲ ಎನ್ನಬೇಕು. ತೂಕ ಎತ್ತರದಲ್ಲಿದ್ದಷ್ಟೂ, ಬುಡ ಕಿರಿದಾದಷ್ಟೂ ಪರಿಣಾಮ ಕೆಟ್ಟದ್ದು. ಗೋಪುರದ ತುದಿ ನೆಲಕ್ಕಿಂತ ಹಲವು ಪಟ್ಟು ಹೆಚ್ಚು ತೂಗಾಡುತ್ತದೆ.

ಸೇಯಲ್ಲಿ ಆದದ್ದು ಈ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಬೆಳಕಿನ ಗೋಪುರ ಬಿತ್ತು. ನಾಲ್ಕು ಕಾಲುಗಳೂ ಒಟ್ಟಿಗೆ ಒಂದೇ ದಿಕ್ಕಿಗೆ ಸರಿದರೆ ಮೇಲಿನ ಗೋಪುರ ಹೇಗೋ ನಿಂತೀತು. ಒಂದೊಂದೂ ಒಂದೊಂದು ಕಡೆ ಸರಿದಾಗ ಅವುಗಳ ನಡುವಿನ ಕಮಾನು ಹಿಗ್ಗುತ್ತದೆ, ನೆತ್ತಿಯ ಕಲ್ಲು ಜಾರುತ್ತದೆ, ಅಲ್ಲಿಗೆ ಮುಗಿಯಿತು. ಬಿದ್ದ ಗೋಪುರ ತನ್ನ ಪಕ್ಕದ ನಡುಸಾಲಿನ ಛಾವಣಿಯನ್ನೂ ಒಡೆದುಕೊಂಡೇ ಬಿತ್ತು. ಅಂದರೆ ನಡುಸಾಲಿಗೆ ಆದ ಹಾನಿಯಲ್ಲಿ ಒಂದು ಪಾಲು ಭೂಕಂಪದ್ದಲ್ಲ, ನೆರೆಮನೆಯದ್ದು.

ನಾಲ್ಕನೇ ಅಫೊನ್ಸೊನ ಎತ್ತರದ ಬಲಿಪೀಠ-ಗುಡಿ ರಾಜಸಮಾಧಿಗಳ ಸಮೇತ ನಾಶವಾಯಿತು. ಕೈಸಾಲೆ ಮತ್ತು ಹಲವು ಗುಡಿಗಳಿಗೆ ಪೆಟ್ಟು ಬಿತ್ತು, ಮೇಲೆ ಬೆಂಕಿ ಬೇರೆ. ಮೇಣದಬತ್ತಿ ಮತ್ತು ಒಲೆಗಳಿಂದ ಹೊತ್ತಿದ ಬೆಂಕಿ ನಗರದಲ್ಲಿ ದಿನಗಟ್ಟಲೆ ಉರಿಯಿತು. ಸುಣ್ಣಕಲ್ಲಿಗೆ ಬೆಂಕಿ ಭೂಕಂಪದಷ್ಟೇ ಶತ್ರು. ಹೆಚ್ಚು ಕಾವಿಗೆ ಮೈ ಸೀಳಿ ಚಕ್ಕೆ ಏಳುತ್ತದೆ, ಇನ್ನೂ ಕಾದರೆ ಸುಟ್ಟ ಸುಣ್ಣವೇ ಆಗಿಬಿಡುತ್ತದೆ.

ಉಳಿದದ್ದು? ಪಶ್ಚಿಮದ ಎರಡು ಗೋಪುರಗಳ ದಪ್ಪನೆಯ ಒಡಲು, ಮೇಲ್ತುದಿಗೆ ಏಟು ಬಿದ್ದರೂ. ನಡುಸಾಲಿನ ಗೋಡೆಗಳು, ಪಕ್ಕಸಾಲುಗಳು, ಅಡ್ಡಸಾಲಿನ ಬುಡ. ಇನ್ನೂ ಕುತೂಹಲದ ಸಂಗತಿ, ಅಫೊನ್ಸೊನದೇ ಪ್ರದಕ್ಷಿಣಾ ಪಥ ಉಳಿಯಿತು. ಒಳಗಿನ ಎತ್ತರದ ಗುಡಿ ಬಿದ್ದರೂ ಅದನ್ನು ಸುತ್ತುವರಿದ ತಗ್ಗಿನ ಉಂಗುರ ನಿಂತಿತು. ರೊಬೆರ್ಟೊನ ದುಂಡು ಕಮಾನಿನ ಹಳೆಯ ಶೈಲಿಗೆ ರೋಮನೆಸ್ಕ್ ಎಂದು ಹೆಸರು. ಹಾಗಾದರೆ ‘ರೋಮನೆಸ್ಕ್ ಗಟ್ಟಿ, ಗಾಥಿಕ್ ದುರ್ಬಲ’ ಎಂದು ಶೈಲಿಯ ಮೇಲೆ ತೀರ್ಪು ಕೊಡುವುದು ತಪ್ಪು. ರೋಮನೆಸ್ಕ್ ಕಾಲದ ಬೆಳಕಿನ ಗೋಪುರವೇ ಬಿತ್ತಲ್ಲ! ತಗ್ಗಾಗಿ, ಒಂದಕ್ಕೊಂದು ಆನಿಸಿಕೊಂಡು, ಅಡ್ಡಗೋಡೆಗಳಿಂದ ಕೋಣೆಕೋಣೆಯಾಗಿ ಹಂಚಿದ ಭಾಗಗಳು ಯಾವ ಕಾಲದ್ದಾದರೂ ನಿಂತವು. ಎತ್ತರವಾಗಿ, ಕಡಿಮೆ ಕಾಲುಗಳ ಮೇಲೆ ಒಂಟಿಯಾಗಿ ಎದ್ದವು ಬಿದ್ದವು.

ನೆಲದ ಪಾತ್ರವೂ ಇದೆ. ಸೇ ಇರುವುದು ಗುಡ್ಡದ ಗಟ್ಟಿ ನೆಲದ ಮೇಲೆ. ಕೆಳಗಿನ ಬಾಯ್ಶಾ ಬಡಾವಣೆ ಹಳೆಯ ತೊರೆ ತಂದ ಮೆಕ್ಕಲು ಮಣ್ಣಿನ ಮೇಲಿತ್ತು. ಮೆತ್ತನೆ ಮಣ್ಣು ಅಲುಗಾಟವನ್ನು ಹಿಗ್ಗಿಸುತ್ತದೆ. ಮುಕ್ಕಾಲು ಗಂಟೆಯೊಳಗೆ ಬಂದ ಸುನಾಮಿ ನುಗ್ಗಿದ್ದೂ ಕೆಳಗಿನ ಊರಿಗೇ, ಗುಡ್ಡದ ಮೇಲಿನ ಸೇಗಲ್ಲ. ಎದುರು ಗುಡ್ಡದ ಕಾರ್ಮೊ ಮಠದ ಇಗರ್ಜಿ ಮಾತ್ರ ಛಾವಣಿ ಕಳೆದುಕೊಂಡಿತು. ಅದನ್ನು ಮತ್ತೆ ಕಟ್ಟಲು ಹೊರಟದ್ದು ಪೂರ್ತಿಯಾಗದೆ ಇಂದಿಗೂ ಬರೀ ಕಮಾನುಗಳು ಆಕಾಶಕ್ಕೆ ತೆರೆದು ನಿಂತಿವೆ. ಸೇಗೆ ಆ ಗತಿ ಬರಲಿಲ್ಲ, ಏಕೆಂದರೆ ಅದು ಬಳಕೆಯಲ್ಲಿರಲೇಬೇಕಾದ ಪೀಠ.

ಮೊದಲ ರಿಪೇರಿ, ಎರಡನೇ ರಿಪೇರಿ

18ನೇ ಶತಮಾನದ ರಿಪೇರಿಯವರಿಗೆ ಮಧ್ಯಯುಗದ ಮೇಲೆ ಮೋಹ ಇರಲಿಲ್ಲ. ಬಲಿಪೀಠ-ಗುಡಿಯನ್ನು ಆಗಿನ ಅಭಿರುಚಿಗೆ ತಕ್ಕಂತೆ ಬಣ್ಣದ ಅಮೃತಶಿಲೆಯ ಹೊದಿಕೆಯೊಂದಿಗೆ ಹೊಸದಾಗಿ ಕಟ್ಟಿದರು. ಅಫೊನ್ಸೊ ಮತ್ತು ರಾಣಿ ಬಿಯಾಟ್ರಿಸ್‌ಗೆ ಹೊಸ ಸಮಾಧಿಪೆಟ್ಟಿಗೆ ಆಯಿತು. ನಡುಸಾಲಿನಲ್ಲಿ ಒರಟು ಕಲ್ಲನ್ನು ಗಾರೆಗಚ್ಚಿನಿಂದ ಮುಚ್ಚಿ ಅಲಂಕರಿಸಿದರು. ಬೆಳಕಿನ ಗೋಪುರವನ್ನು ಹಿಂದಿನ ಎತ್ತರಕ್ಕೆ ಏರಿಸಲಿಲ್ಲ, ಒಳ್ಳೆಯ ನಿರ್ಧಾರ. ಶಿಲ್ಪಿ ಮಚಾದೊ ದೆ ಕಾಸ್ತ್ರೊ 1766ರಲ್ಲಿ ಮಾಡಿದ ಗೋದಲಿ (ಯೇಸುಜನನದ ಗೊಂಬೆಸಾಲು) ಈ ಕಾಲದ್ದು. ಅದು ಈಗ ಬಾಗಿಲ ಹತ್ತಿರ, ವ್ಯಾಪಾರಿ ಬಾರ್ತೊಲೊಮೆವ್ ಜೊಯಾನೆಸ್ 14ನೇ ಶತಮಾನದಲ್ಲಿ ಕಟ್ಟಿಸಿದ ಗುಡಿಯಲ್ಲಿದೆ.

19ನೇ ಶತಮಾನದ ಕೊನೆಗೆ ಗಾಳಿ ತಿರುಗಿತು. ಯುರೋಪಿನಾದ್ಯಂತ ‘ಶೈಲಿಯ ಏಕತೆ’ ಎಂಬ ಮಂತ್ರ: ಕಟ್ಟಡವನ್ನು ಅದರ ‘ಶುದ್ಧ’ ಕಾಲಕ್ಕೆ ಮರಳಿಸಬೇಕು, ನಂತರ ಬಂದದ್ದೆಲ್ಲ ಕಸ. 1902ರಲ್ಲಿ ಎಂಜಿನಿಯರ್ ಹಾಗೂ ರಾಜಕಾರಣಿ ಔಗುಸ್ತೊ ಫುಸ್ಕಿನಿ ಕೆಲಸ ಶುರುಮಾಡಿದ. ಗಾರೆಗಚ್ಚು ತೆಗೆಸಿದ್ದು ಸರಿ. ಆದರೆ ಅವನ ಮನಸ್ಸಿನಲ್ಲಿದ್ದ ಮಧ್ಯಯುಗ ಪುಸ್ತಕದ್ದು. ಇಲ್ಲಿ ಎಂದೂ ಇದ್ದಿರದ ಅಲಂಕಾರಗಳನ್ನು ಸೇರಿಸತೊಡಗಿದ. 1911ರಲ್ಲಿ ಅವನು ತೀರಿಕೊಂಡ ಮೇಲೆ ವಾಸ್ತುಶಿಲ್ಪಿ ಅಂತೋನಿಯೊ ದೊ ಕೌತೊ ಅಬ್ರೆವ್ ಬಂದು, ಫುಸ್ಕಿನಿಯ ಸೇರ್ಪಡೆಗಳಲ್ಲಿ ಬಹಳಷ್ಟನ್ನು ಕೆಡವಿ, ಗೋಡೆಯಲ್ಲೇ ಸಿಕ್ಕ ಕುರುಹುಗಳನ್ನು ಹಿಡಿದು ಮುಂದುವರಿದ. ಒಂದು ದುರಸ್ತಿಯನ್ನು ಇನ್ನೊಂದು ದುರಸ್ತಿ ಕೆಡವಿದ್ದು! ಕೆಲಸ ಮುಗಿದು ತೆರೆದದ್ದು 1940ರಲ್ಲಿ, ದೇಶದ ಹುಟ್ಟು ಮತ್ತು ಸ್ಪೇನಿನಿಂದ ಬಿಡುಗಡೆ ಎರಡರ ಶತಮಾನೋತ್ಸವವನ್ನು ಸರ್ಕಾರ ಅದ್ದೂರಿಯಾಗಿ ಆಚರಿಸಿದ ವರ್ಷ. ರಾಷ್ಟ್ರದ ಮೊದಲ ದೊರೆ ಕಟ್ಟಿಸಿದ ಇಗರ್ಜಿ ಕೋಟೆಯ ಹಾಗೆ ಗಂಭೀರವಾಗಿ ಕಾಣುವುದು ಆಗಿನ ಆಳುವವರಿಗೂ ಬೇಕಾಗಿತ್ತು.

ಪಶ್ಚಿಮದ ದುಂಡು ಕಿಟಕಿಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಈಗ ಇರುವುದು 20ನೇ ಶತಮಾನದಲ್ಲಿ ಹಳೆಯ ತುಣುಕುಗಳ ಆಧಾರದ ಮೇಲೆ ಮರುಜೋಡಿಸಿದ್ದು. ಇಂಥ ಕೆಲಸ ನಡೆಯುವ ಬಗೆ ಹೀಗೆ: ಬಾಗಿದ ಅಂಚಿರುವ ಒಂದು ತುಣುಕು ಸಿಕ್ಕರೂ ಸಾಕು, ಅಂಚಿನ ಮೇಲೆ ಮೂರು ಬಿಂದು ಗುರುತಿಸಿ ವೃತ್ತದ ತ್ರಿಜ್ಯ ಹೊರಡಿಸಬಹುದು. ಎರಡು ಸಂದುಗಳ ನಡುವಿನ ಕೋನ ಅಳೆದರೆ ವೃತ್ತಕ್ಕೆ ಅಂಥ ಎಷ್ಟು ತುಂಡು ಎಂದು ಗೊತ್ತಾಗುತ್ತದೆ. ಒಳಗಿನ ಎಸಳುಗಳ ಕೆತ್ತನೆಗೆ ಮಾತ್ರ ಒಂದಾದರೂ ಪೂರ್ಣ ಎಸಳು ಸಿಗಬೇಕು. ಇಲ್ಲದಿದ್ದರೆ ಅಲ್ಲಿಂದ ಮುಂದಕ್ಕೆ ಊಹೆ. ‘ಊಹೆ ಶುರುವಾಗುವ ಕಡೆ ಜೀರ್ಣೋದ್ಧಾರ ನಿಲ್ಲಬೇಕು’ ಎಂಬ ನಿಯಮವನ್ನು ಸ್ಮಾರಕಗಳ ರಕ್ಷಣೆಯ ಅಂತರರಾಷ್ಟ್ರೀಯ ದಾಖಲೆಯಾದ ವೆನಿಸ್ ಸನ್ನದು ಬರೆದಿಟ್ಟದ್ದು 1964ರಲ್ಲಿ. ಕೌತೊ ಅಬ್ರೆವ್ ಅದಕ್ಕೂ ಕಾಲು ಶತಮಾನ ಮೊದಲೇ ಕೆಲಸ ಮುಗಿಸಿದ್ದ. ಅವನು ಫುಸ್ಕಿನಿಗಿಂತ ಎಷ್ಟೋ ಸಂಯಮಿ ಎನ್ನುವುದು ನಿಜ. ಆದರೆ ಗಾರೆಗಚ್ಚಿನ ನಡುಸಾಲನ್ನು ಕಳೆದುಕೊಂಡದ್ದೂ ನಷ್ಟವೇ. ಭೂಕಂಪದ ನಂತರ ಜನ ಒಂದೂವರೆ ಶತಮಾನ ಪ್ರಾರ್ಥಿಸಿದ ಒಳಾಂಗಣ ಅದು. ಅದರ ಚರಿತ್ರೆ ಈಗ ಬಲಿಪೀಠ-ಗುಡಿಯಲ್ಲಿ ಮಾತ್ರ ಉಳಿದಿದೆ. ಕಲ್ಲಿನ ನಡುಸಾಲಿನಿಂದ ದಿಢೀರನೆ ಬಣ್ಣದ ಅಮೃತಶಿಲೆಯ ಗುಡಿ ಎದುರಾದಾಗ ಬರುವ ಗೊಂದಲಕ್ಕೆ ಕಾರಣ ಇದೇ.

ಹೋದವರು ಎಲ್ಲಿ ನೋಡಬೇಕು

ಕಲ್ಲಿನ ಮೈ ನೋಡಿ. ಕೈಯುಳಿಯಿಂದ ಕೆತ್ತಿದ ಹಳೆಯ ಕಲ್ಲಿನಲ್ಲಿ ಅಂಚು ಸವೆದು ದುಂಡಾಗಿರುತ್ತದೆ, ಸಾಲಿನ ಎತ್ತರ ಸಾಲಿನಿಂದ ಸಾಲಿಗೆ ಬದಲಾಗುತ್ತದೆ. ಅಂಚು ಚೂಪಾಗಿ, ಸಂದು ಒಂದೇ ಅಳತೆಯಲ್ಲಿ, ಬಣ್ಣ ಒಂದೇ ಸಮನಾಗಿದ್ದರೆ ಅದು ಬಹುಪಾಲು 20ನೇ ಶತಮಾನದ್ದು. ಮೇಲಿನ ತೆನೆಸಾಲನ್ನು ಈ ಕಣ್ಣಿನಿಂದ ನೋಡಿದರೆ ಉತ್ತರ ತಾನಾಗೇ ಸಿಗುತ್ತದೆ.

ಬಾಗಿಲ ಹತ್ತಿರ ಎಡಕ್ಕೆ ಜ್ಞಾನಸ್ನಾನದ ತೊಟ್ಟಿ ಇದೆ. 1195ರ ಸುಮಾರಿಗೆ ಹುಟ್ಟಿದ ಸಂತ ಅಂತೋಣಿಗೆ ಇಲ್ಲೇ ದೀಕ್ಷೆ ಆಯಿತು ಎಂಬುದು ಊರಿನ ನಂಬಿಕೆ. ಪಾದುವಾದ ಅಂತೋಣಿ ಎಂದು ಜಗತ್ತು ಕರೆಯುವ ಅವರನ್ನು ಲಿಸ್ಬನ್ನಿನವರು ಬಿಟ್ಟುಕೊಡುವುದಿಲ್ಲ. ಸೇಯ ಎದುರಿಗೇ ಅವರ ಹೆಸರಿನ ಇಗರ್ಜಿ ಇದೆ.

ಹೆಚ್ಚು ಹೊತ್ತು ಕೊಡಬೇಕಾದದ್ದು ಪ್ರದಕ್ಷಿಣಾ ಪಥಕ್ಕೆ. ಅಲ್ಲಿ ಅಫೊನ್ಸೊನ ಸರದಾರ ಲೋಪೊ ಫೆರ್ನಾಂದೆಸ್ ಪಶೆಕೊ ಕಲ್ಲಿನಲ್ಲಿ ಮಲಗಿದ್ದಾನೆ: ಕೈಯಲ್ಲಿ ಕತ್ತಿ, ಕಾಲ ಬಳಿ ನಾಯಿ. ಪಕ್ಕದ ಸಮಾಧಿಯಲ್ಲಿ ಹೆಂಡತಿ ಮರಿಯಾ ದೆ ವಿಲಲೊಬೊಸ್ ಪ್ರಾರ್ಥನಾ ಪುಸ್ತಕ ತೆರೆದು ಓದುತ್ತಿದ್ದಾಳೆ. ಗಂಡನಿಗೆ ಆಯುಧ, ಹೆಂಡತಿಗೆ ಪುಸ್ತಕ. 14ನೇ ಶತಮಾನದ ಶಿಲ್ಪಿ ಇದನ್ನು ಸಹಜವೆಂಬಂತೆ ಕೆತ್ತಿದ್ದಾನೆ. ರಾಜನ ಮೂಲ ಸಮಾಧಿ ಪುಡಿಯಾಗಿ ಸೇವಕನದು ಉಳಿಯಲು ಕಾರಣ ಮೇಲೆ ಹೇಳಿದ್ದೇ: ರಾಜ ಎತ್ತರದ ಛಾವಣಿಯ ಕೆಳಗಿದ್ದ, ಇವರು ತಗ್ಗಿನ ಗುಡಿಯಲ್ಲಿದ್ದರು. ಅದೇ ಪಥದ ಒಂದು ಗುಡಿಗೆ ರೋಮನೆಸ್ಕ್ ಕಾಲದ ಕಬ್ಬಿಣದ ಜಾಲರಿ ಬಾಗಿಲಿದೆ. ಕುಲುಮೆಯಲ್ಲಿ ಕಾಸಿ ಸುರುಳಿ ಸುತ್ತಿದ ಪಟ್ಟಿಗಳು, ವಿದ್ಯುತ್ ವೆಲ್ಡಿಂಗ್ ಇಲ್ಲದ ಕಾಲದ ಕೆಲಸ. ಸುರುಳಿಗಳು ಒಂದರಂತೆ ಒಂದಿಲ್ಲ.

ಗೋವೆಯ ಸೇ ನೋಡಿದ ಕನ್ನಡಿಗರು ಅಲ್ಲಿನ ಎರಡು ಗೋಪುರದ ಮುಂಭಾಗದ ಮೂಲ ಹುಡುಕಿದರೆ ಪೋರ್ಚುಗಲ್ಲಿನ ಇಂಥ ಪ್ರಧಾನಾಲಯಗಳಿಗೇ ಬರುತ್ತಾರೆ. 1562ರಲ್ಲಿ ಶುರುವಾದ ಹಳೇ ಗೋವೆಯ ಕಟ್ಟಡ ಕಾಲದಿಂದ ಮಧ್ಯಯುಗದ್ದಲ್ಲ, ವಸ್ತುವಿನಿಂದ ನಮ್ಮ ಕರಾವಳಿಯದು: ಮುರಕಲ್ಲು, ಮೇಲೆ ಸುಣ್ಣದ ಗಾರೆ. ಅದರ ಉತ್ತರದ ಗೋಪುರ 1776ರಲ್ಲಿ ಬಿದ್ದುಹೋಯಿತು. ಅದನ್ನು ಮತ್ತೆ ಕಟ್ಟಲಿಲ್ಲ, ‘ಶುದ್ಧ’ ಮಾಡಲೂ ಯಾರೂ ಹೋಗಲಿಲ್ಲ.

ಕೈಸಾಲೆಯ ಕೆಳಗೆ

1990ರಿಂದ ಕೈಸಾಲೆಯ ಅಂಗಳದಲ್ಲಿ ಉತ್ಖನನ ನಡೆದಿದೆ. ಮೇಲಿನಿಂದ ಕೆಳಕ್ಕೆ ಮಧ್ಯಯುಗದ ಪದರ, ಇಸ್ಲಾಮಿ ಕಾಲದ ಗೋಡೆಗಳು, ಅದರಡಿ ರೋಮನ್ನರ ಕಲ್ಲುಹಾಸಿನ ಬೀದಿ, ಬೀದಿಬದಿಯ ಅಂಗಡಿಗಳು ಮತ್ತು ಚರಂಡಿ, ಇನ್ನೂ ಕೆಳಗೆ ಕಬ್ಬಿಣಯುಗದ ಕುರುಹು. ಇಳಿಜಾರಿನ ನೆಲವನ್ನು ಪ್ರತಿ ಕಾಲದವರೂ ತುಂಬಿ ಮಟ್ಟ ಮಾಡಿಕೊಂಡದ್ದರಿಂದ ಪದರಗಳು ಚೆನ್ನಾಗಿ ಉಳಿದಿವೆ.

ಇದನ್ನು ಜನ ನೋಡುವಂತೆ ಮಾಡಲು ನೆಲದಡಿ ವಸ್ತುಸಂಗ್ರಹಾಲಯದ 
ಯೋಜನೆ ಬಂತು. ತೊಡಕು ಎದ್ದದ್ದು 2020ರಲ್ಲಿ. ಹೊಸ ರಚನೆಗೆ ಜಾಗ ಮಾಡುವಾಗ ಇಸ್ಲಾಮಿ ಕಾಲದ ದೊಡ್ಡ ಕಟ್ಟಡವೊಂದರ ಅವಶೇಷ ಸಿಕ್ಕಿತು. ಮಸೀದಿಯ ಸಂಕೀರ್ಣಕ್ಕೇ ಸೇರಿದ್ದು ಎಂದು ಪುರಾತತ್ತ್ವಜ್ಞರು ಗುರುತಿಸಿದರು. ಅದನ್ನು ಬಿಚ್ಚಿ ತೆಗೆಯಲು ಪರಂಪರೆ ಇಲಾಖೆ ಮೊದಲು ಒಪ್ಪಿಗೆ ಕೊಟ್ಟಾಗ ವಿದ್ವಾಂಸರಿಂದ ಬಲವಾದ ಆಕ್ಷೇಪ ಬಂತು. ಕೊನೆಗೆ ಇದ್ದಲ್ಲೇ ಉಳಿಸುವುದೆಂದು ಸರ್ಕಾರ ತೀರ್ಮಾನಿಸಿತು.

ಬಿಚ್ಚುವುದರ ಪರವಾಗಿದ್ದವರ ವಾದವೂ ಹುಸಿಯಲ್ಲ, ಅದರಲ್ಲಿ ಭೂಕಂಪದ ಭಯವಿದೆ. ಕೈಸಾಲೆಯ ಕಂಬಗಳು ನಿಂತಿರುವುದು ಹಳೆಯ ತುಂಬುಮಣ್ಣಿನ ಮೇಲೆ. ನಡುವಿನ ಅಂಗಳವನ್ನು ಅಡಿಪಾಯಕ್ಕಿಂತ ಕೆಳಕ್ಕೆ ಅಗೆದರೆ ಕಂಬಗಳಿಗೆ ಒಳಬದಿಯ ಆನಿಕೆ ಹೋಗುತ್ತದೆ. ಮಳೆನೀರು ಕೂಡಿದರೆ ಮಣ್ಣು ಜರಿಯುತ್ತದೆ. ಅದನ್ನು ತಡೆಯಲು ಅಡಿಪಾಯದ ಕೆಳಗೆ ತುಂಡುತುಂಡಾಗಿ, ಒಂದು ತುಂಡು ಗಟ್ಟಿಯಾದ ಮೇಲೆಯೇ ಪಕ್ಕದ್ದನ್ನು ಅಗೆದು ಆಸರೆ ಕೊಡಬೇಕು. ಆ ಆಸರೆಗೆ ಜಾಗ ಬೇಕು, ಜಾಗದಲ್ಲಿ ಮಸೀದಿಯ ಕಾಲದ ಗೋಡೆ ಇದೆ. ಉಳಿಸುವ ತೀರ್ಮಾನವಾದ ಮೇಲೆ ಎಂಜಿನಿಯರರ ಕೆಲಸ ಆ ಗೋಡೆಗಳನ್ನು ಮುಟ್ಟದೆ ಕಂಬಗಳ ಭಾರವನ್ನು ಅವುಗಳ ಆಚೀಚೆಯ ಗಟ್ಟಿ ನೆಲಕ್ಕೆ ಇಳಿಸುವುದು.